ಹಳೆಯ ಬೈಕಿನ ಇಂಡಿಕೇಟರ್ ಕೈಕೊಟ್ಟಾಗ

12 ವೋಲ್ಟ್‌ನ ಹಳೆಯ ಬೈಕುಗಳಲ್ಲಿ ಇಂಡಿಕೇಟರ್ ಮಿನುಗದಿದ್ದರೆ ನೇರವಾಗಿ ಫ್ಲ್ಯಾಷರ್ (ದೀಪವನ್ನು ಮಿನುಗಿಸುವ ಪುಟ್ಟ ಬಿಡಿಭಾಗ) ಬದಲಿಸುವುದು ವಾಡಿಕೆ. ಆದರೆ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಹಾರ್ನ್ ಕೂಡ ಕ್ಷೀಣವಾಗಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ.

ಒಂದೇ ಬದಿಯಲ್ಲಿ ದೋಷವಿದ್ದರೆ ಫ್ಲ್ಯಾಷರ್ ಬಹುತೇಕ ನಿರ್ದೋಷಿ: ಬಲ್ಬ್ ಸುಟ್ಟಿರಬಹುದು, ಹೋಲ್ಡರ್‌ನೊಳಗೆ ಹಸಿರು ಕಿಲುಬು ಕಟ್ಟಿರಬಹುದು, ಇಲ್ಲವೇ ದೀಪದ ಬೋಲ್ಟ್ ಕೂರುವ ಜಾಗದಲ್ಲಿ ತುಕ್ಕು ಹಿಡಿದು ಅರ್ಥಿಂಗ್ (ಬೈಕಿನ ಲೋಹದ ಮೂಲಕ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ) ತಪ್ಪಿರಬಹುದು. ಹೊಸದಾಗಿ ಪೇಂಟ್ ಮಾಡಿಸಿದ ಬೈಕುಗಳಲ್ಲಿ ಬಣ್ಣದ ಪದರವೇ ಅರ್ಥಿಂಗನ್ನು ತಡೆಯುವುದುಂಟು; ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿದರೆ ಸಾಕು.

ಎರಡೂ ಬದಿ ಉರಿಯದಿದ್ದರೆ, ಫ್ಯೂಸ್ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಇಗ್ನಿಷನ್ ಮತ್ತು ಇಂಡಿಕೇಟರ್ ಸ್ವಿಚ್ ಹಾಕಿ, ಎರಡು ಪಿನ್ನಿನ ಫ್ಲ್ಯಾಷರ್ ಕಳಚಿ ಅದರ ಎರಡು ವೈರುಗಳನ್ನು ಪರಸ್ಪರ ಜೋಡಿಸಿ ನೋಡಿ. ದೀಪ ಮಿನುಗದೆ ಒಂದೇ ಸಮನೆ ಉರಿದರೆ ಫ್ಲ್ಯಾಷರ್ ಕೆಟ್ಟಿದೆ. ಉರಿಯದಿದ್ದರೆ ಹ್ಯಾಂಡಲ್ ಮೇಲಿನ ಸ್ವಿಚ್ಚನ್ನು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ (ವಿದ್ಯುತ್ ಸಂಪರ್ಕಗಳನ್ನು ಶುಚಿಗೊಳಿಸುವ ಸ್ಪ್ರೇ) ಶುಚಿಗೊಳಿಸಿ.