ಜೀವನಾಂಶದ ಅರ್ಜಿ: ಖರ್ಚಿನ ಲೆಕ್ಕ ನಾನು ಬರೆದ ಬಗೆ

ಡಿವೋರ್ಸ್ ಕೇಸ್ ಹಾಕದೆ ಜೀವನಾಂಶ ಸಿಗಲ್ಲ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೇನೂ ಇಲ್ಲ. ವಿಚ್ಛೇದನ ಕೇಳದೆಯೇ ನನಗೂ ಮಗಳಿಗೂ ಸೇರಿಸಿ ಅರ್ಜಿ ಹಾಕಿದೆ. ಅದೂ ಗಂಡ ಇರುವ ಹುಬ್ಬಳ್ಳಿಯಲ್ಲಲ್ಲ, ನಾನೀಗ ಅಮ್ಮನ ಜೊತೆ ಇರುವ ದಾವಣಗೆರೆಯಲ್ಲಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 125ನೇ ಕಲಂ ಆಗಿತ್ತು, ಹಾಗಾಗಿ ಕೋರ್ಟಿನಲ್ಲಿ ಇದನ್ನು ಇವತ್ತಿಗೂ ‘ನೂರಾ ಇಪ್ಪತ್ತೈದು’ ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ.

ವಕೀಲರ ಫೀಸಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ನೆರವು ಕೊಡಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ.

ನಿಜವಾದ ಕೆಲಸ ಅಂದರೆ ಅಫಿಡವಿಟ್. 2020ರಲ್ಲಿ ರಜನೇಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ‘ತಿಂಗಳಿಗೆ ಇಷ್ಟು’ ಅಂತ ಸುಮ್ನೆ ಒಂದು ಮೊತ್ತ ಹಾಕುವವರೇ ಜಾಸ್ತಿ. ನಾನು ಒಂದೊಂದಾಗಿ ಬಿಡಿಸಿ ಬರೆದೆ. ಬಾಡಿಗೆ, ರೇಷನ್, ಗ್ಯಾಸ್, ಮಗಳ ಆಟೊ. ಶಾಲೆಯ ಫೀಸು ವರ್ಷಕ್ಕೊಮ್ಮೆ ಕಟ್ಟುವುದು, ಅದನ್ನು 12ರಿಂದ ಭಾಗಿಸಿದೆ. ಅವಳ ಕನ್ನಡಕ, ಹಬ್ಬದ ಬಟ್ಟೆಯನ್ನೂ ಹಾಗೇ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತದೆ, ಸೊನ್ನೆ ಅಂತಲೇ ಬರೆದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಅಮ್ಮನ ಖಾತೆಗೆ, ಅದು ನನ್ನ ಆದಾಯವಲ್ಲ ಅಂತ ಒಂದು ಸಾಲು ಸೇರಿಸಿದೆ.

ಬ್ಲೌಸ್ ಹೊಲಿದು ಬರುವ ದುಡ್ಡನ್ನು ಮುಚ್ಚಿಡು, ಇಲ್ಲದಿದ್ದರೆ ಕೇಸ್ ಬಿದ್ದುಹೋಗುತ್ತೆ ಅಂದವರಿದ್ದರು. ಗಿರಾಕಿಗಳೆಲ್ಲ ಫೋನ್‌ಪೇ ಮಾಡುವವರು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣದೆ ಇರುತ್ತಾ? ಪೂರ್ತಿ ಬರೆದೆ. ಅಲ್ಪಸ್ವಲ್ಪ ದುಡಿಮೆ ಇದೆ ಅಂದ ಮಾತ್ರಕ್ಕೆ ಹೆಂಡತಿಯ ಹಕ್ಕು ಹೋಗುವುದಿಲ್ಲ. ಅದು ಸಾಲದು ಅಂತ ತೋರಿಸಬೇಕು, ಅಷ್ಟೇ.

ಗಂಡನ ಅಫಿಡವಿಟ್ ಬಂತು. ಸಂಬಳ 12,000. ಜೊತೆಗಿಟ್ಟ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ತಿಂಗಳು ಕಾರಿನ ಕಂತು 9,500! ಆ ಸಾಲುಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ನಮ್ಮ ವಕೀಲರಿಗೆ ಕೊಟ್ಟೆ. ‘ಉಳಿದ ಎರಡೂವರೆ ಸಾವಿರದಲ್ಲಿ ಮನೆ ಬಾಡಿಗೆ, ಊಟ, ಪೆಟ್ರೋಲ್ ಎಲ್ಲ ಆಗುತ್ತದೆಯೇ?’ ಅಂತ ಅವರು ಕೇಳಿದಾಗ ಉತ್ತರ ಬರಲಿಲ್ಲ. ಹೊಡೆದ, ಬೈದ ಕಥೆಗಳಿಗಿಂತ ಆ ಒಂದು ಹಾಳೆ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಲೆಕ್ಕ.

ಮಧ್ಯಂತರ ಜೀವನಾಂಶವನ್ನು, ಅಂದರೆ ಕೇಸ್ ಮುಗಿಯುವವರೆಗೆ ಕೊಡಬೇಕಾದ ಹಣವನ್ನು, ನೋಟಿಸ್ ಜಾರಿಯಾದ 60 ದಿನದಲ್ಲಿ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಅಂತ ಕಾನೂನು ಹೇಳುತ್ತದೆ. ಆ ‘ಆದಷ್ಟು’ ಇದೆಯಲ್ಲ, ಅದರೊಳಗೇ ವಾಯಿದೆ ಮೇಲೆ ವಾಯಿದೆ ಹೋದವು. ಆದರೆ ಅದೇ 2020ರ ತೀರ್ಪಿನಿಂದಾಗಿ ಹಣ ಲೆಕ್ಕವಾಗಿದ್ದು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ.

‘ಮಗಳನ್ನು ತೋರಿಸಿದರೆ ದುಡ್ಡು’ ಅನ್ನುವ ಮಾತೂ ಬಂತು. ಅವೆರಡೂ ಬೇರೆ ಬೇರೆ. ಭಾನುವಾರ ಅವಳು ಅಪ್ಪನನ್ನು ನೋಡುತ್ತಾಳೆ, ದುಡ್ಡು ಬರಲಿ ಬಿಡಲಿ.

ದುಡ್ಡು ತಪ್ಪಿದರೆ ವಸೂಲಿಗೆ ಬೇರೆ ಅರ್ಜಿ ಹಾಕಬೇಕು. ಪ್ರತಿ ತಿಂಗಳ ಬಾಕಿಗೂ ಅದು ಬರಬೇಕಾದ ದಿನದಿಂದ ಒಂದು ವರ್ಷದ ಗಡುವಿದೆ. ‘ಒಟ್ಟಿಗೆ ಕೊಡ್ತೀನಿ’ ಅಂತ ಅವರು ಹೇಳಿಕಳಿಸಿದರೂ ನಾನು ಕಾಯುವುದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಬಂದಿಲ್ಲದ ತಿಂಗಳುಗಳ ಪಟ್ಟಿ ಮಾಡಿ ವಕೀಲರಿಗೆ ಕೊಟ್ಟುಬರುತ್ತೇನೆ.