ರೂಟರ್ ಬದಲಿಸುವ ಮುನ್ನ

ಇಂಟರ್‌ನೆಟ್ ನಿಧಾನವಾಯಿತೆಂದು ಹೊಸ ರೂಟರ್ ಕೊಳ್ಳುವ ಮೊದಲು, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ಈಗಿರುವ ರೂಟರಿಗೇ ಜೋಡಿಸಿ ವೇಗವನ್ನು ಅಳೆಯಬೇಕು. ಹಾಗೆ ಮಾಡಿದರೂ ಪ್ಲಾನಿನ ವೇಗ ಬಾರದಿದ್ದರೆ ದೋಷ ಲೈನಿನದಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ 200 ಎಂಬಿಪಿಎಸ್ ಪ್ಲಾನ್ ಇದ್ದೂ ಅಳತೆ 95ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ, ರೂಟರಿನ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) 100 ಎಂಬಿಪಿಎಸ್‌ನದಾಗಿರಬಹುದು ಅಥವಾ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ಕಡಿದಿರಬಹುದು. ಬೇರೆ ಕೇಬಲ್ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕೇಬಲ್‌ನಲ್ಲಿ ಸರಿಯಿದ್ದು ವೈಫೈ ಮಾತ್ರ ಕುಂಟುತ್ತಿದ್ದರೆ, ಫೋನು 2.4 ಗಿಗಾಹರ್ಟ್ಸ್ ಬ್ಯಾಂಡಿಗೆ (ವೈಫೈ ಬಳಸುವ ರೇಡಿಯೊ ತರಂಗಗಳ ಒಂದು ಪಟ್ಟಿಗೆ) ಅಂಟಿಕೊಂಡಿದೆಯೇ ಎಂದು ಪರಿಶೀಲಿಸಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಲ್ಲಿರುವುದು ಮೂರೇ. ಅಪಾರ್ಟ್‌ಮೆಂಟಿನಲ್ಲಿ ನೆರೆಹೊರೆಯ ರೂಟರುಗಳೆಲ್ಲ ಅವಕ್ಕೇ ಮುಗಿಬೀಳುತ್ತವೆ. 5 ಗಿಗಾಹರ್ಟ್ಸ್ ಬ್ಯಾಂಡ್ ವೇಗದ್ದು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ನಮ್ಮ ಮನೆಯ ರೂಟರ್ ಟಿವಿಯ ಹಿಂದೆ, ಕಬ್ಬಿಣದ ಬೀರುವಿಗೆ ಒತ್ತಿಕೊಂಡು ಕುಳಿತಿತ್ತು. ಅದನ್ನು ಹಜಾರದ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿದ ಮೇಲೆ ಅಡುಗೆಮನೆಯಲ್ಲಿಯೂ ವಿಡಿಯೊ ತಡೆಯಿಲ್ಲದೆ ಓಡಿತು. ಖರ್ಚಾದದ್ದು ಎರಡು ಮೊಳೆ.

ನಿಮ್ಮ ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ ಇದ್ದರೆ, ಅಥವಾ ಪೋರ್ಟ್‌ಗಳು ಪ್ಲಾನಿಗಿಂತ ಹಿಂದುಳಿದಿದ್ದರೆ, ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್‌ಗಳಿರುವ, ವೈಫೈಯ ಆರನೆಯ ಪೀಳಿಗೆಯಾದ ವೈಫೈ 6 ರೂಟರ್ ಕೊಳ್ಳುವುದು ನ್ಯಾಯ. ರೂಟರ್ ಫೈಬರ್ ಸಂಪರ್ಕದೊಂದಿಗೆ ಬಂದ ಪೆಟ್ಟಿಗೆಯಾದರೆ, ಸಂಪರ್ಕ ಕೊಟ್ಟ ಕಂಪನಿಯವರು ಅದನ್ನೇ ಬದಲಿಸಿಕೊಡುವರೇ ಎಂದು ಮೊದಲು ವಿಚಾರಿಸಿ.