ಕಬ್ಬಿಣದ ಲೇತ್‌ನಲ್ಲಿ ಕೈಯುಳಿಯ ಕೆಲಸ: ನನ್ನ ಅನುಭವ

ಲೇತ್ ಎಂದರೆ ಕೆಲಸದ ತುಂಡನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ. ಆರು ಅಡಿ ಬೆಡ್‌ನ (ಉದ್ದನೆಯ ತಳದ) ಹಳೆಯ ಕೋನ್ ಪುಲ್ಲಿ (ಮೆಟ್ಟಿಲು ಮೆಟ್ಟಿಲಾದ ಬೆಲ್ಟ್ ಚಕ್ರದ) ಲೇತ್‌ಗೆ ಕೈ ರೆಸ್ಟ್ (ಉಳಿಗೆ ಆಸರೆ) ಕೂರಿಸಿ, ಉಳಿಯನ್ನು ಕೈಯಲ್ಲೇ ಹಿಡಿದು ಹಿತ್ತಾಳೆಯನ್ನೂ ಮರವನ್ನೂ ಕಡೆಯುವ ಕೆಲಸ ಹಾಸನದ ನನ್ನ ವರ್ಕ್‌ಶಾಪ್‌ನಲ್ಲಿ ಒಂದೆರಡು ಮಳೆಗಾಲಗಳಿಂದ ನಿರಾತಂಕವಾಗಿ ನಡೆಯುತ್ತಿದೆ. ಶುರು ಮಾಡಿದಾಗ ಅಕ್ಕಪಕ್ಕದ ಟರ್ನರ್‌ಗಳು ಯಾರೂ ಒಪ್ಪಿರಲಿಲ್ಲ. "ಕೈಯಲ್ಲಿ ಉಳಿ ಹಿಡಿಯೋದು ಚನ್ನಪಟ್ಟಣದವರ ಕೆಲಸ ಕಣಯ್ಯ, ಈ ಲೇತ್‌ನಲ್ಲಿ ಹಾಗೆ ಮಾಡಿದರೆ ಬೆರಳು ಉಳಿಯಲ್ಲ" ಎಂದು ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯವರೇ ಹೇಳಿದ್ದರು. ಬೇಕಾದ ಆಕಾರದ್ದೇ ಬಾಯಿ ಇರುವ ಫಾರ್ಮ್ ಟೂಲ್ ಮಸೆದರೆ ಮುಗಿಯುವ ಕೆಲಸಕ್ಕೆ ಇಷ್ಟು ಗೋಜು ಏಕೆ ಎಂದು ಕೆಲವರು, ಸಿಎನ್‌ಸಿಗೆ (ಕಂಪ್ಯೂಟರ್ ನಡೆಸುವ ಯಂತ್ರಕ್ಕೆ) ಕೊಟ್ಟುಬಿಡು ಎಂದು ಇನ್ನು ಕೆಲವರು ಹೇಳಿದರು. ಹಾಗೆ ಹೇಳಿದವರಲ್ಲೇ ಕೆಲವರು ಈಗ ಅಳತೆ ಕೇಳಿಕೊಂಡು ಬರುತ್ತಿರುವುದರಿಂದ, ಏನನ್ನು ಹೇಗೆ ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ನನಗೆ ಇದು ಬೇಕಾದದ್ದು ತೋಟದ ಹಳೆಯ ಬಂಗಲೆಗಳಿಂದ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಶಾಫ್ಟು, ಪಂಪಿನ ಬುಷ್ಷು (ಶಾಫ್ಟು ತಿರುಗುವ ಲೋಹದ ಬಳೆ) ಇವೇ ನಮ್ಮ ಹೊಟ್ಟೆಪಾಡಿನ ಕೆಲಸ. ಆದರೆ ಸಕಲೇಶಪುರ, ಮೂಡಿಗೆರೆ ಕಡೆಯ ಬಂಗಲೆಗಳು ಒಂದೊಂದಾಗಿ ಹೋಂಸ್ಟೇ ಆಗತೊಡಗಿದ ಮೇಲೆ, ಬಾಗಿಲಿನ ಹಿತ್ತಾಳೆಯ ಗುಂಡು ಹಿಡಿ, ಕಿಟಕಿಯ ಚಿಲಕದ ತುದಿ, ಮೆಟ್ಟಿಲ ಕಟಾಂಜನದ ಮರದ ಕಡ್ಡಿ ಇಂಥವನ್ನು ಮಾದರಿ ಕೊಟ್ಟು ಅದರಂತೆಯೇ ಮಾಡಿಕೊಡಿ ಎಂದು ಕೇಳುವವರು ಬಂದರು. ಒಂದು ಮನೆಯ ಹಿಡಿ ಇನ್ನೊಂದು ಮನೆಯ ಹಿಡಿಯಂತೆ ಇರುವುದಿಲ್ಲ, ಬೇಕಾಗುವುದೂ ನಾಲ್ಕೋ ಐದೋ. ಅಷ್ಟಕ್ಕೆ ಸಿಎನ್‌ಸಿಯವರು ಪ್ರೋಗ್ರಾಂ ಖರ್ಚನ್ನು ಸೇರಿಸಿ ಹೇಳುವ ದರಕ್ಕೆ ಗಿರಾಕಿ ತಿರುಗಿಯೂ ನೋಡುವುದಿಲ್ಲ. ಫಾರ್ಮ್ ಟೂಲ್ ಅಂದರೆ ಒಂದೂವರೆ ಇಂಚು ಅಗಲದ ಬಾಯಿ ಒಮ್ಮೆಗೇ ಲೋಹಕ್ಕೆ ತಾಗಬೇಕು. ಸವೆದ ಬುಷ್ಷಿನ ಹಳೆಯ ಲೇತ್‌ನಲ್ಲಿ ಅದು ಅದುರದೆ ಕತ್ತರಿಸಿದ್ದನ್ನು ನಾನು ಕಂಡಿಲ್ಲ. ಕೈಯುಳಿಯ ಬಾಯಿ ತಾಗುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಹಳೆಯ ಯಂತ್ರಕ್ಕೆ ಇದಕ್ಕಿಂತ ಸಲ್ಲುವ ವಿಧಾನ ಇನ್ನೊಂದಿಲ್ಲ. ಇಂಗ್ಲೆಂಡಿನ ಯಂತ್ರ ತಯಾರಕ ಹೆನ್ರಿ ಮಾಡ್ಸ್‌ಲೆ 1800ರ ಸುಮಾರಿಗೆ ಸ್ಲೈಡ್ ರೆಸ್ಟ್ (ಉಳಿಯನ್ನು ಬಿಗಿದು ಸರಿಸುವ ಜಾರುಪಟ್ಟಿ) ಇರುವ ಲೇತನ್ನು ರೂಢಿಗೆ ತರುವವರೆಗೆ ಲೋಹವನ್ನೂ ಬಹುಪಾಲು ಕೈಯುಳಿಯಲ್ಲೇ ಕಡೆಯುತ್ತಿದ್ದರು ಎಂಬುದನ್ನು ನನ್ನನ್ನು ಆಕ್ಷೇಪಿಸಿದವರಿಗೆ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಮಾಡಿ ನೋಡಿದ್ದು ಎಲ್ಲರಿಗೂ ಹೊಳೆಯುವ ದಾರಿಯನ್ನೇ: ಟೂಲ್ ಪೋಸ್ಟಿನಲ್ಲಿ (ಉಳಿ ಬಿಗಿಯುವ ಗೂಟದಲ್ಲಿ) ಟೂಲ್ ಬದಲು ಒಂದು ಚೌಕ ಸರಳನ್ನು ಅಡ್ಡ ಬಿಗಿದು ಅದರ ಮೇಲೆ ಉಳಿ ಇಡುವುದು. ಇದರ ಖರ್ಚು ಸೊನ್ನೆ, ಫಲವೂ ಹೆಚ್ಚು ಕಡಿಮೆ ಅಷ್ಟೇ. ಕಾಂಪೌಂಡ್, ಕ್ರಾಸ್ ಸ್ಲೈಡ್, ಸ್ಯಾಡಲ್ ಎಂದು ಒಂದರ ಮೇಲೊಂದು ಕುಳಿತ ಮೂರು ಜಾರುಪಟ್ಟಿಗಳ ಸಡಿಲವೆಲ್ಲ ಸೇರಿ ಉಳಿಯ ತುದಿಗೆ ಬರುತ್ತದೆ. ಗಿಬ್ (ಸಡಿಲ ತೆಗೆಯುವ ಪಟ್ಟಿ) ಎಷ್ಟೇ ಬಿಗಿದರೂ ಹಿತ್ತಾಳೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಬಿದ್ದವು. ಸರಳಿನ ಎತ್ತರವನ್ನು ಬದಲಿಸಲು ಪ್ರತಿ ಸಲವೂ ಪ್ಯಾಕಿಂಗ್ ತಗಡು ಹುಡುಕಬೇಕು. ಟೇಲ್‌ಸ್ಟಾಕ್ (ಕೆಲಸದ ಬಲತುದಿಗೆ ಆಸರೆ ಕೊಡುವ ಭಾಗ) ಹತ್ತಿರ ಬಂದರೆ ಸ್ಯಾಡಲ್ ಅಡ್ಡ ಬರುತ್ತದೆ.

ಎರಡನೆಯದಾಗಿ, ಸ್ಯಾಡಲ್ಲನ್ನು ಬಲಕ್ಕೆ ತಳ್ಳಿಬಿಟ್ಟು, ಬೆಡ್ಡಿಗೇ ನೇರವಾಗಿ ಕೂರುವಂತೆ ಎರಡು ಇಂಚಿನ ಆಂಗಲ್ಲನ್ನು ವೆಲ್ಡ್ ಮಾಡಿ ಒಂದು ಕುದುರೆಯಂಥ ಚೌಕಟ್ಟು ಮಾಡಿಸಿದೆ. ಕಬ್ಬಿಣ, ವೆಲ್ಡಿಂಗ್ ಕೂಲಿ ಸೇರಿ ಸಾವಿರದ ಇನ್ನೂರರ ಹತ್ತಿರ ಹೋಯಿತು. ವೆಲ್ಡಿನ ಶಾಖಕ್ಕೆ ಆಂಗಲ್ ತಿರುಚಿಕೊಂಡು ಬೆಡ್ಡಿನ ಮೇಲೆ ಮೂರೇ ಮೂಲೆ ತಾಗುತ್ತಿತ್ತು. ತಳವನ್ನು ಶೇಪರ್‌ನಲ್ಲಿ (ಲೋಹವನ್ನು ಸಮತಟ್ಟಾಗಿ ಹೆರೆಯುವ ಯಂತ್ರದಲ್ಲಿ) ಚೊಕ್ಕ ಮಾಡಿಸಿದ ಮೇಲೂ ಆಂಗಲ್ ಗಂಟೆಯಂತೆ ನಾದ ಕೊಡುವುದು ನಿಲ್ಲಲಿಲ್ಲ. ಉಕ್ಕಿನ ತೆಳು ಚೌಕಟ್ಟು ಅದುರನ್ನು ಹೀರಿಕೊಳ್ಳುವುದಿಲ್ಲ, ಎರಕದ ಕಬ್ಬಿಣ ಹೀರಿಕೊಳ್ಳುತ್ತದೆ. ಹಾಗಾದರೆ ಎರಕವೇ ಹೊಯ್ಯಿಸೋಣವೆಂದು ಫೌಂಡ್ರಿಯಲ್ಲಿ ವಿಚಾರಿಸಿದರೆ, ಒಂದೇ ಒಂದು ತುಂಡಿಗೆ ಮರದ ಪ್ಯಾಟರ್ನ್ ಸೇರಿ ಆರೇಳು ಸಾವಿರ ಎಂದರು.

ದಾರಿ ತೋರಿಸಿದ್ದು ಲೇತ್ ಜೊತೆಯಲ್ಲೇ ಬಂದು ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಸ್ಟೆಡಿ, ಅಂದರೆ ಉದ್ದನೆಯ ಕೆಲಸವನ್ನು ನಡುವೆ ಹಿಡಿದು ನಿಲ್ಲಿಸುವ ಉಂಗುರ. ಅದರ ಕೆಳಭಾಗ ಎರಕದ ಕಬ್ಬಿಣ. ಅದೇ ಬೆಡ್ಡಿನ 'ವಿ'ಗೆ ಮತ್ತು ಫ್ಲಾಟ್‌ಗೆ ಕಾರ್ಖಾನೆಯಲ್ಲೇ ಕೂರಿಸಿದ್ದು. ಅಡಿಯಿಂದ ಬಿಗಿಯುವ ಪಟ್ಟಿಯೂ ಬೋಲ್ಟೂ ಅದರಲ್ಲೇ ಇವೆ. ಮೇಲಿನ ಅರ್ಧ ಉಂಗುರವನ್ನು ಬಿಚ್ಚಿ, ಕೆಳಗಿನ ದವಡೆಗಳ ಭಾಗವನ್ನು ಕತ್ತರಿಸಿ, ಬೆಡ್ಡಿನಿಂದ ಸುಮಾರು 60 ಮಿಲಿಮೀಟರ್ ಎತ್ತರದಲ್ಲಿ ಸಮತಟ್ಟು ಮಾಡಿಸಿದೆ. ಅದರ ಮೇಲೆ 25 ಮಿಲಿಮೀಟರ್ ದಪ್ಪದ ಎಂ.ಎಸ್. (ಮೆದು ಉಕ್ಕಿನ) ಪ್ಲೇಟು, ಮುಂದಕ್ಕೂ ಹಿಂದಕ್ಕೂ ಸರಿಯುವಂತೆ ಅದರಲ್ಲಿ ಉದ್ದನೆಯ ಸ್ಲಾಟು, ಪ್ಲೇಟಿನ ತುದಿಯಲ್ಲಿ 25 ಮಿಲಿಮೀಟರ್ ತೂತಿನ ಬಾಸ್ (ಕಂಬ ಕೂರುವ ದಪ್ಪ ಭಾಗ), ಅದರೊಳಗೆ ಇಎನ್ 8 ಉಕ್ಕಿನ ಕಂಬ. ಕಂಬವನ್ನು ಸ್ಕ್ರೂ ತುದಿಯಿಂದ ಒತ್ತಿ ಹಿಡಿಯಬಾರದು. ಬಾಸನ್ನು ಒಂದು ಕಡೆ ಸೀಳಿ ಬೋಲ್ಟಿನಿಂದ ಸುತ್ತಲೂ ಅಪ್ಪಿಕೊಳ್ಳುವಂತೆ ಮಾಡಬೇಕು. ಸ್ಕ್ರೂ ತುದಿ ಕಂಬದ ಮೇಲೆ ಗುಳಿ ಮಾಡಿದರೆ ಎತ್ತರವನ್ನು ಅರ್ಧ ಮಿಲಿಮೀಟರ್ ಬದಲಿಸಲು ಹೋದಾಗಲೆಲ್ಲ ಕಂಬ ಅದೇ ಗುಳಿಗೆ ಜಾರುತ್ತದೆ. ನನ್ನ ಲೇತ್‌ನ ಸೆಂಟರ್ ಎತ್ತರ (ಬೆಡ್ಡಿನಿಂದ ಕೆಲಸ ತಿರುಗುವ ನಡುಗೆರೆಯವರೆಗೆ) ಆರೂವರೆ ಇಂಚು; ನಿಮ್ಮದು ಅದಕ್ಕಿಂತ ಕಡಿಮೆ ಇದ್ದರೆ ಪ್ಲೇಟಿನ ದಪ್ಪವನ್ನು ಉಳಿಸಿಕೊಂಡು ಸ್ಟೆಡಿಯ ಎತ್ತರವನ್ನೇ ಇಳಿಸಬೇಕು.

ರೆಸ್ಟಿನ ತಲೆಗಳು ಎರಡು ಬೇಕು, ಒಂದರಲ್ಲಿ ಎರಡೂ ಕೆಲಸ ಆಗುವುದಿಲ್ಲ. ಮರಕ್ಕೆ ಉಳಿ ಉದ್ದಕ್ಕೂ ನುಣ್ಣಗೆ ಜಾರಬೇಕು. ಮೇಲ್ಭಾಗ ಮೆತುವಾಗಿದ್ದರೆ ಉಳಿಯ ಅಂಚು ಅದರಲ್ಲಿ ಗಾಯ ಮಾಡುತ್ತದೆ, ಮುಂದಿನ ಸಲ ಆ ಗಾಯದಲ್ಲೇ ಉಳಿ ತಡೆಯುತ್ತದೆ, ಮರದ ಮೇಲೂ ಅಲ್ಲೊಂದು ಉಬ್ಬು ಉಳಿಯುತ್ತದೆ. ಗುಜರಿಯಲ್ಲಿ ಸಿಗುವ ಬೈಕಿನ ಶಾಕ್ ಅಬ್ಸಾರ್ಬರ್ ರಾಡಿಗೆ ಗಟ್ಟಿ ಕ್ರೋಮ್ ಇರುವುದರಿಂದ ಅದನ್ನೇ ಮೇಲಂಚಿಗೆ ಹಾಕಿದ್ದೇನೆ. ವೆಲ್ಡ್ ಮಾಡಿದರೆ ಕ್ರೋಮ್ ಹಾಳಾಗುವುದರಿಂದ ಅಡಿಯಿಂದ ತೂತು ಕೊರೆದು ಸ್ಕ್ರೂ ಹಾಕಿದೆ. ಹಿತ್ತಾಳೆಗೆ ಮತ್ತು ಕಬ್ಬಿಣಕ್ಕೆ ಬೇಕಾದದ್ದು ಇದಕ್ಕೆ ತೀರ ವಿರುದ್ಧ. ಅಲ್ಲಿ ಉಳಿಯ ಹಿಮ್ಮಡಿ ರೆಸ್ಟನ್ನು ಕಚ್ಚಿ ನಿಲ್ಲಬೇಕು, ಆ ಬಿಂದುವಿನ ಮೇಲೆ ಹಿಡಿಕೆಯನ್ನು ಮೀಟಿದಂತೆ ತಿರುಗಿಸಿದಾಗ ಉಳಿಯ ಮೂಗು ಚಾಪದಂತೆ ಸಾಗಿ ಗುಂಡು ತಾನೇ ಮೂಡುತ್ತದೆ. ಆದ್ದರಿಂದ ಲೋಹದ ತಲೆಯನ್ನು ಹದ ಕೊಡದ ಇಎನ್ 8ರಲ್ಲೇ ಬಿಟ್ಟಿದ್ದೇನೆ. ಗೀರು ಹೆಚ್ಚಾದಾಗ ಅರದಲ್ಲಿ ಎಳೆದು ಸರಿ ಮಾಡಿಕೊಳ್ಳುತ್ತೇನೆ.

ಉಳಿಗಳ ವಿಷಯ. ಹಿತ್ತಾಳೆಗೆ 3/8 ಇಂಚಿನ ಚೌಕ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಮ್ಮೆಗೆ ಆರೇಳು ತಂದಿಟ್ಟುಕೊಂಡೆ. ಇದನ್ನು ಒಂದಡಿಗಿಂತ ಉದ್ದದ ಹಿಡಿಕೆಯಲ್ಲಿ ಕೂರಿಸಬೇಕು, ಗಿಡ್ಡ ಹಿಡಿಕೆಯಲ್ಲಿ ಕೈಗೆ ಬಲವೇ ಇರುವುದಿಲ್ಲ. ಹಿತ್ತಾಳೆಗೆ ಮೇಲ್ಮುಖ ಸಪಾಟಾಗಿರಬೇಕು. ಕಬ್ಬಿಣಕ್ಕೆ ಕೊಡುವ ರೇಕ್ (ಮೇಲ್ಮುಖದ ಇಳಿಜಾರು) ಕೊಟ್ಟರೆ ಉಳಿ ಒಳಗೆ ನುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾಫಿ ಮರಕ್ಕೆ ನಾನು ಮಸೆಯುವ ಕೋನ ಮಾತ್ರ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಹೊತ್ತು ಸಾಣೆಯ ಮುಂದೆ ನಿಂತು ಕಂಡುಕೊಂಡದ್ದು ಅದು. ಹಳೆಯ ಅರವನ್ನು ಉಳಿ ಮಾಡಿಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಅರದ ಉಕ್ಕು ಗಾಜಿನ ಗುಣದ್ದು, ರೆಸ್ಟಿನಿಂದ ಹೊರಗೆ ಚಾಚಿರುವಾಗ ಮರದ ಗಂಟು ತಾಗಿದರೆ ಎರಡು ತುಂಡಾಗಿ ಮುಖಕ್ಕೆ ಬರುತ್ತದೆ. ಹಲ್ಲುಗಳನ್ನು ಪೂರ್ತಿ ಮಸೆದು ತೆಗೆದು, ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಿ ಹದ ಇಳಿಸದೆ ಅದನ್ನು ಲೇತ್ ಹತ್ತಿರ ತರಬಾರದು.

ಹೆಚ್ಚು ಹಣ ಹೋದದ್ದು ವೇಗಕ್ಕೆ. ನನ್ನ ಲೇತ್ ಮೊದಲು ಓಡುತ್ತಿದ್ದದ್ದು ಹೆಚ್ಚೆಂದರೆ ನಿಮಿಷಕ್ಕೆ 600 ಸುತ್ತು. ಹಿತ್ತಾಳೆಗೆ ಅದು ಸಾಕು, ಮರಕ್ಕೆ ಸಾಲದು. ಮರದ ಎಳೆ ಕತ್ತರಿಸುವ ಬದಲು ಕಿತ್ತುಬರುತ್ತದೆ. ಮೋಟಾರಿನ ಮೂರು ಇಂಚಿನ ಪುಲ್ಲಿಯ ಜಾಗಕ್ಕೆ ನಾಲ್ಕೂವರೆ ಇಂಚಿನದ್ದನ್ನು ಹಾಕಿದಾಗ ಅದು 900ಕ್ಕೆ ಬಂತು. ಆಮೇಲೆ ಸೆಕೆಂಡ್ ಹ್ಯಾಂಡ್ ತ್ರೀ ಫೇಸ್ ಮೋಟಾರು, ಸಿಂಗಲ್ ಫೇಸ್‌ನಲ್ಲಿ ನಡೆಯುವ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಎರಡನ್ನೂ ಕೂರಿಸಿ 60 ಹರ್ಟ್ಸ್‌ಗೆ ಏರಿಸಿದರೆ 1080 ಸುತ್ತು ಸಿಗುತ್ತದೆ. 30 ಮಿಲಿಮೀಟರ್ ಮರದ ಮೇಲೆ ಅದು ನಿಮಿಷಕ್ಕೆ 100 ಮೀಟರಿನ ವೇಗ. ಮರದ ಲೇತ್‌ನವರಿಗೆ ಇದು ಕಡಿಮೆ ಅನ್ನಿಸಬಹುದು, ಉಳಿ ಹರಿತವಾಗಿದ್ದರೆ ನನಗೆ ಸಾಕಾಗಿದೆ. ಇದಕ್ಕಿಂತ ಏರಿಸಲು ಹೆಡ್‌ಸ್ಟಾಕಿನ (ಸ್ಪಿಂಡಲ್ ಎಂಬ ತಿರುಗುವ ಶಾಫ್ಟು ಇರುವ ಎಡತಲೆಯ) ಗನ್‌ಮೆಟಲ್ ಬುಷ್ ಬಿಡುವುದಿಲ್ಲ. ಹಿಂದೆ ಹಾಕುತ್ತಿದ್ದ 68ರ ದರ್ಜೆಯ ದಪ್ಪ ಎಣ್ಣೆಯನ್ನು ಬಿಟ್ಟು 32ರ ತೆಳು ಎಣ್ಣೆಗೆ ಬಂದ ಮೇಲೆ ಬುಷ್ಷಿನ ಬಿಸಿ ಕೈ ಇಟ್ಟು ನೋಡುವಷ್ಟಕ್ಕೆ ಇಳಿಯಿತು. ವಿಎಫ್‌ಡಿ ಹಾಕುವವರು ಇನ್ನೊಂದನ್ನು ಮರೆಯಬಾರದು: ನಮ್ಮ ಹಳೆಯ ಲೇತ್‌ಗಳಲ್ಲಿ ಚಕ್ (ಕೆಲಸವನ್ನು ದವಡೆಗಳಲ್ಲಿ ಹಿಡಿಯುವ ಭಾಗ) ತಿರುಪಿನ ಮರೆಯಿಂದ ಸ್ಪಿಂಡಲ್‌ಗೆ ಕೂತಿರುತ್ತದೆ. ನಿಲ್ಲುವ ಸಮಯವನ್ನು ಒಂದೆರಡು ಸೆಕೆಂಡಿಗೆ ಇಟ್ಟರೆ ಸ್ಪಿಂಡಲ್ ನಿಂತರೂ ಚಕ್ ತನ್ನ ಓಟದಲ್ಲಿ ಬಿಚ್ಚಿಕೊಂಡು ಬೆಡ್ಡಿನ ಮೇಲೆ ಬೀಳುತ್ತದೆ. ನಾನು ಏಳೆಂಟು ಸೆಕೆಂಡು ಇಟ್ಟಿದ್ದೇನೆ.

ಮರಕ್ಕಂತೂ ಚಕ್ಕನ್ನೇ ತೆಗೆದಿಡುತ್ತೇನೆ. ಕೈ ರೆಸ್ಟಿನ ಮೇಲೆ ಇರುವಾಗ ಪಕ್ಕದಲ್ಲೇ ಮೂರು ದವಡೆ ಸುತ್ತುತ್ತಿರುವುದು ಸರಿಯಲ್ಲ. ಮೇಸ್ತ್ರಿಯವರ ಮಾತು ನಿಜವಾಗುವುದು ಅಲ್ಲೇ. ಸ್ಪಿಂಡಲ್ ಟೇಪರಿನಲ್ಲಿ (ಒಳಗೆ ಕಿರಿದಾಗುತ್ತ ಹೋಗುವ ತೂತಿನಲ್ಲಿ) ಕೂರುವ, ಮರವನ್ನು ಕಚ್ಚಿ ತಿರುಗಿಸುವ ಎರಡು ಹಲ್ಲಿನ ಡ್ರೈವ್ ಸೆಂಟರನ್ನು ನಾನೇ ಕಡೆದು, ಹಿಂದಿನಿಂದ ಉದ್ದನೆಯ ಸರಳು ಹಾಕಿ ಎಳೆದು ಬಿಗಿದಿದ್ದೇನೆ. ಟೇಲ್‌ಸ್ಟಾಕಿನಲ್ಲಿ ಲೋಹಕ್ಕೆ ಬಳಸುವ 60 ಡಿಗ್ರಿಯ ಲೈವ್ ಸೆಂಟರ್ (ಕೆಲಸದ ಜೊತೆ ತಿರುಗುವ ಮೊನೆ) ಮರಕ್ಕೆ ಬೆಣೆಯಾಗಿ ಸೀಳುತ್ತದೆ. ಅದರ ಮೂತಿಗೆ ಮಧ್ಯದಲ್ಲಿ ಸಣ್ಣ ಮೊನೆ, ಸುತ್ತ ಬಳೆ ಇರುವ ಟೊಪ್ಪಿಯೊಂದನ್ನು ಮಾಡಿ ತೊಡಿಸಿದ ಮೇಲೆ ಒಂದು ಕಡ್ಡಿಯೂ ಸೀಳಿಲ್ಲ. ಕೈಗವಸು ಬೇಡ, ತೋಳು ಮೇಲಕ್ಕೆ ಮಡಚಿರಬೇಕು, ಕೆಲಸಕ್ಕೂ ರೆಸ್ಟಿಗೂ ಅಂತರ ಮೂರು ನಾಲ್ಕು ಮಿಲಿಮೀಟರ್ ಮೀರಬಾರದು.

ಮರಗಳಲ್ಲಿ ನನಗೆ ಹಿಡಿಸಿದ್ದು ಕಾಫಿ. ತೋಟದಲ್ಲಿ ಹಳೆಯ ಅರೇಬಿಕಾ ಗಿಡ ಕಿತ್ತು ಹೊಸದು ಹಾಕುವಾಗ ಬುಡಗಳು ಸೌದೆಯ ಬೆಲೆಗೆ ಸಿಗುತ್ತವೆ. ಎಳೆ ಬಲು ಒತ್ತು, ಬಣ್ಣ ತಿಳಿ ಹಳದಿ. ಹಸಿಯಲ್ಲೇ ಕಡೆದರೆ ಬೆಳಗಾಗುವುದರೊಳಗೆ ಬಿರಿಯುತ್ತದೆ. ಎರಡೂ ತುದಿಗೆ ಎನಾಮೆಲ್ ಪೇಂಟ್ ಬಳಿದು, ವರ್ಷವಾದರೂ ನೆರಳಿನಲ್ಲಿ ಇಟ್ಟರೆ ಅರ್ಧದಷ್ಟಾದರೂ ಕೈಗೆ ಹತ್ತುತ್ತವೆ. ಸಿಲ್ವರ್ ಓಕ್ ಅಗ್ಗ, ಮಚ್ಚಿನ ಹಿಡಿಗೆ ಪರವಾಗಿಲ್ಲ. ಆದರೆ ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ನನ್ನ ಹುಡುಗನಿಗೆ ಮೊಣಕೈವರೆಗೆ ತುರಿಕೆ ಎದ್ದಿತ್ತು. ಕಟಾಂಜನದ ಕಡ್ಡಿಗೆ ಹಲಸನ್ನೇ ಹಾಕುತ್ತೇನೆ. ಬೀಟೆ ಕೇಳುವ ಗಿರಾಕಿಗೆ ಮೊದಲು ಪರವಾನಗಿಯ ಕಾಗದ ತನ್ನಿ ಎನ್ನುತ್ತೇನೆ.

ರೆಸ್ಟ್ ಕೂತ ಹುಮ್ಮಸ್ಸಿನಲ್ಲಿ ಬೇರೆ ಎರಡು ಪ್ರಯೋಗಗಳನ್ನೂ ಮಾಡಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದುಂಡು ಕಂಬಗಳ ಬಳೆಗಳನ್ನು ಕಂಡ ಯಾವ ಟರ್ನರನಿಗೂ ಇವು ತಿರುಗಿಸಿ ಕಡೆದವು ಎಂದು ಹೇಳಿಕೊಡಬೇಕಾಗಿಲ್ಲ. ಅದೇ ಜಾತಿಯ ಬಳಪದ ಕಲ್ಲಿನ ಮೂರು ಇಂಚಿನ ತುಂಡೊಂದನ್ನು ಫೋರ್ ಜಾ (ನಾಲ್ಕು ದವಡೆಯ) ಚಕ್ಕಿನಲ್ಲಿ ರಟ್ಟು ಕೊಟ್ಟು ಹಿಡಿದು, ನಿಧಾನ ವೇಗದಲ್ಲಿ, ನೀರು ಚಿಮುಕಿಸುತ್ತ ಕಡೆದೆ. ಕಲ್ಲು ನಂಬಲಾಗದಷ್ಟು ವಿಧೇಯವಾಗಿ ಬಂತು, ಬಳೆಗಳೂ ಗಂಟೆಯಾಕಾರವೂ ಅಂದುಕೊಂಡ ಹಾಗೆ ಮೂಡಿದವು. ಮಧ್ಯೆ ಸಿಕ್ಕ ಗಟ್ಟಿ ಹರಳುಗಳು ಮಾತ್ರ ಉಳಿಯ ಬಾಯನ್ನು ಪದೇ ಪದೇ ಮಂಕು ಮಾಡಿದವು. ಆ ಕೆಸರು ಬೆಡ್ಡಿಗೆ ಸೇರಿದರೆ ಯಂತ್ರವೇ ಹೋಗುತ್ತದೆ ಎಂಬ ಕಾರಣಕ್ಕೆ ಅದನ್ನು ಮುಂದುವರಿಸಲಿಲ್ಲ. ಇನ್ನೊಂದು ಚನ್ನಪಟ್ಟಣದವರಂತೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಹಚ್ಚುವುದು. ದಪ್ಪ ಕೆಲಸದ ಮೇಲೆ ಅರಗು ಕರಗಿ ಚೆನ್ನಾಗಿ ಹರಡಿತು. ಸಣ್ಣ ಹಿಡಿಗಳ ಮೇಲೆ ಉಜ್ಜುವ ವೇಗ ಸಾಲದೆ ಗಂಟುಗಂಟಾಯಿತು. ಈಗ ಕಾಫಿ ಮರಕ್ಕೆ ನನ್ನದೇ ಒಂದು ಮಿಶ್ರಣ ಹಚ್ಚುತ್ತೇನೆ, ಅದರಲ್ಲಿ ಜೇನುಮೇಣ ಇದೆ ಎಂದಷ್ಟೇ ಹೇಳಬಲ್ಲೆ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ದೊಡ್ಡ ಶತ್ರು ಮರದ ಪುಡಿ. ಅದು ಬೆಡ್ಡಿನ ಎಣ್ಣೆಯನ್ನು ಹೀರಿ, ಮಳೆಗಾಲದ ತೇವವನ್ನು ಹಿಡಿದಿಟ್ಟು, ಒಂದೇ ರಾತ್ರಿಯಲ್ಲಿ ತುಕ್ಕು ಎಬ್ಬಿಸುತ್ತದೆ. ಬಟ್ಟೆ ಹೊದಿಸುವುದು ಅಪಾಯ, ಸುತ್ತಿಕೊಳ್ಳುತ್ತದೆ. ತಗಡನ್ನು ಬೆಡ್ಡಿನ ಆಕಾರಕ್ಕೆ ಬಗ್ಗಿಸಿ ರೆಸ್ಟಿನ ಎರಡೂ ಬದಿಗೆ ಹೊದಿಸಿದ್ದೇನೆ. ಕೆಲಸ ಮುಗಿದ ಕೂಡಲೇ ಪುಡಿಯನ್ನು ಗುಡಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸದೆ ಬಾಗಿಲು ಹಾಕುವುದಿಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ವಿಎಫ್‌ಡಿ ಒಂಬತ್ತು ಸಾವಿರದ ಆಸುಪಾಸು, ಮೋಟಾರು ಮೂರೂವರೆ ಸಾವಿರ, ಪ್ಲೇಟು, ಕಂಬ, ಮಿಲ್ಲಿಂಗ್ ಕೂಲಿ ಸೇರಿ ಎರಡು ಸಾವಿರದ ಚಿಲ್ಲರೆ, ಬಿಟ್ಟುಗಳಿಗೆ ಸಾವಿರದಷ್ಟು. ವ್ಯರ್ಥವಾದ ಆಂಗಲ್ ಚೌಕಟ್ಟನ್ನೂ ಸೇರಿಸಿದರೆ ಹದಿನೇಳು ಸಾವಿರದ ಹತ್ತಿರ. ಹಿತ್ತಾಳೆಯ ಗುಂಡು ಹಿಡಿಯೊಂದಕ್ಕೆ ಸಾಮಗ್ರಿ ಬಿಟ್ಟು ಮುನ್ನೂರೈವತ್ತು ಕೂಲಿ ತೆಗೆದುಕೊಳ್ಳುತ್ತೇನೆ, ಇಪ್ಪತ್ತು ಇಪ್ಪತ್ತೈದು ನಿಮಿಷದ ಕೆಲಸ ಅದು. ಪಲ್ಪರ್ ಶಾಫ್ಟಿನಲ್ಲಿ ಅಷ್ಟು ಹೊತ್ತಿಗೆ ಅದರ ಅರ್ಧವೂ ಹುಟ್ಟುವುದಿಲ್ಲ. ಹಾಕಿದ ಹಣ ಮೊದಲ ವರ್ಷದಲ್ಲೇ ವಾಪಸ್ ಬಂತು. ಹಾಗೆಂದು ಎಲ್ಲ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಪ್ಲೇಟಿನ ಮೇಲೆ ಸೆಂಟರಿಗೆ ಉಳಿದಿರುವ ಎತ್ತರ ಸುಮಾರು 80 ಮಿಲಿಮೀಟರ್ ಆದ್ದರಿಂದ ಆರು ಇಂಚಿಗಿಂತ ದೊಡ್ಡ ಬಟ್ಟಲು ಕೇಳಿದವರನ್ನು ಮರದ ಲೇತ್ ಇರುವವರ ಬಳಿಗೆ ಕಳಿಸುತ್ತೇನೆ. ಕಟಾಂಜನದ ಕಡ್ಡಿ ಎರಡೂವರೆ ಅಡಿಯವರೆಗೆ ಆಗುತ್ತದೆ, ರೆಸ್ಟನ್ನು ಮಧ್ಯದಲ್ಲಿ ಒಮ್ಮೆ ಸರಿಸಿ ಬಿಗಿಯಬೇಕು.